ಬಾವಿಯ ಮೀನಿಗೆ ಅಂಟಿದ ಎಳೆ

ಅನ್ನೂರಿನ ನಮ್ಮ ನೇಕಾರರ ಬೀದಿಯ ಮೆಟ್ಟಿಲುಬಾವಿಗೆ ಸರ್ಕಾರದವರು ಸೀಮೆಮೀನು ಬಿಟ್ಟಾಗ ನಾನು ಮದುವೆಯಾಗಿ ಬಂದ ಹೊಸತು. ಅವು ಸೊಳ್ಳೆಮರಿ ತಿನ್ನುತ್ತವಂತೆ, ಚಳಿಜ್ವರ ಬರುವುದಿಲ್ಲವಂತೆ. ಕುಡಿಯುವ ನೀರಿಗೆ ಮೀನು! ಥೂ ಎಂದುಕೊಂಡೇ ತುಂಬಿ ತರುತ್ತಿದ್ದೆ.

ಒಂದು ಬೆಳಿಗ್ಗೆ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದ ನಮ್ಮ ಮನೆಯವರಿಗೆ ಒಂದು ಚೊಂಬು ನೀರು ಕೊಟ್ಟೆ, ನಾನೂ ಕುಡಿದೆ. ಆಮೇಲೆ ನೋಡುತ್ತೇನೆ, ಬಿಂದಿಗೆಯಲ್ಲೊಂದು ಮೀನು! ಬಡಕಲು, ಒಂದು ಕಡೆ ವಾಲಿಕೊಂಡು ಈಜುತ್ತಿತ್ತು. ಪಕ್ಕೆಯಲ್ಲಿ ಕೆಂಪು ಗಾಯ, ಅದರಿಂದ ಬಿಳಿ ಎಳೆಯೊಂದು ಜೋತಾಡುತ್ತಿತ್ತು. ನೇಕಾರರ ಮನೆ, ಅನ್ನದಲ್ಲೂ ನೂಲು ಸಿಗುತ್ತದೆ. ಇದೂ ಅದೇ ಎಂದು ಚಿವುಟಿ ಎಳೆದೆ. ಎಳೆ ಬರಲಿಲ್ಲ, ಮೀನೇ ಎದ್ದು ಬಂತು.

ಅತ್ತೆ ನೋಡಿದವರೇ ಬಿಂದಿಗೆ ಉರುಳಿಸಿದರು. "ಅಯ್ಯಯ್ಯೋ ಅಮ್ಮಿಣಿ, ಅದು ನೂಲಲ್ಲ, ನರಂಬು! ಅವನ್ಗೆ ಈ ನೀರೇ ಕೊಟ್ಟ್ಯಾ?"

ನರಂಬು ಎಂದರೆ ನಾರುಹುಣ್ಣಿನ ಹುಳ. ನೀರಿನ ಜೊತೆ ಒಳಗೆ ಹೋಗಿ, ವರ್ಷ ಕಳೆದು ಕಾಲಿನ ಬೊಬ್ಬೆಯಿಂದ ಹೊರಬರುತ್ತದೆ. ದಿನಾ ಚೂರುಚೂರೇ ಕಡ್ಡಿಗೆ ಸುತ್ತಿ ತೆಗೆಯಬೇಕು. ತುಂಡಾದರೆ ಕಾಲೇ ಹೋದಂತೆ. ಕಾಲಿಲ್ಲದ ನೇಕಾರ ಮಗ್ಗ ತುಳಿಯುವುದು ಹೇಗೆ?

ಮೀನು ಬಿಟ್ಟವನು ಮತ್ತೆ ಬಂದಾಗ ಕೇಳಿದೆವು. "ಅದು ಮೀನ್ ಪುಳುಮ್ಮಾ," ಎಂದು ತಮಿಳಿನಲ್ಲಿ ಹೇಳಿ ನಕ್ಕ. ಮೀನಿನ ಹುಳ ಬೇರೆಯಂತೆ, ಮನುಷ್ಯರಿಗೆ ಬರುವುದಿಲ್ಲವಂತೆ. ಆದರೆ ನರಂಬು ಮೀನು ಬಿಡುವ ಮೊದಲಿಂದಲೂ ಆ ಬಾವಿಯಲ್ಲಿದೆ, ನೀರು ಸೋಸಿ ಕುಡಿಯಿರಿ ಎಂದ. ಹೆದರಿದವರ ಮೇಲೆ ಹಾವು ಎಸೆದ ಹಾಗಾಯಿತು. ಕುಡಿದದ್ದನ್ನು ಸೋಸುವುದೆಲ್ಲಿ?

ಅಂದಿನಿಂದ ನಮ್ಮ ಮನೆಯವರ ಕಾಲು ಕಾಯುವುದೇ ನನ್ನ ಕೆಲಸವಾಯಿತು. ಊಟಕ್ಕೆ ಕೂತರೆ ಪಾದ ನೋಡುವೆ, ಮಲಗಿದರೆ ಮೊಣಕಾಲು ಸವರುವೆ. ಸೊಳ್ಳೆ ಕಚ್ಚಿದ ಗುಳ್ಳೆ ಕಂಡರೂ ಜೀವ ಬಾಯಿಗೆ ಬರುತ್ತಿತ್ತು.

"ಏನೇ, ನನ್ನ ಮೊಖ ಮರ್ತೋಯ್ತಾ?" ಎಂದು ಅವರು ರೇಗಿಸುತ್ತಿದ್ದರು.

ವರ್ಷ ತುಂಬಿತು. ಅವರ ಕಾಲು ನೆಟ್ಟಗಿತ್ತು. ಅತ್ತೆ ಪಾಯಸ ಮಾಡಿದರು.

ಅದೇ ವಾರ ರಾಟೆಯ ಮುಂದೆ ಕೂತಿದ್ದಾಗ ಹಿಮ್ಮಡಿಯ ಮೇಲೆ ಬೆಂಕಿ ಇಟ್ಟಂತೆ ಉರಿಯಿತು. ತಣ್ಣೀರು ಸುರಿದುಕೊಂಡೆ. ಅಲ್ಲಿ ಎದ್ದಿದ್ದ ಬೊಬ್ಬೆ ಒಡೆದು ನರಂಬಿನ ಬಿಳಿಯ ತುದಿ ಹೊರಬಂತು. ಅಷ್ಟು ದಿನ ನನ್ನ ಕಾಲನ್ನು ನಾನೇ ನೋಡಿಕೊಂಡಿರಲಿಲ್ಲ. ಕಿರುಚಿದೆ.

ಅವರು ಮಗ್ಗ ಬಿಟ್ಟು ಓಡಿ ಬಂದರು. ಅತ್ತೆಯ ಎದುರಿಗೇ ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕಡ್ಡಿಗೆ ಆ ತುದಿ ಸುತ್ತತೊಡಗಿದರು. "ಅಳ್ಳಾಡ್ಬೇಡ ಕಣೇ, ತುಂಡಾಗ್ಬಿಡ್ತದೆ," ಎಂದರು. ನಾನು ಕಲ್ಲಿನ ಹಾಗೆ ಕೂತಿದ್ದೆ. ಅಲ್ಲಾಡುತ್ತಿದ್ದದ್ದು ಅವರ ಕೈ.