ಅವರವರ ತಟ್ಟೆ

ಇವತ್ತು ಬೆಳಗ್ಗೆ ಅಡುಗೆಮನೆಗೆ ಕಾಲಿಟ್ಟಾಗ ಮೊದಲು ಎದುರಾದದ್ದು ವಾಸನೆ. ತಟ್ಟೆಯಲ್ಲಿ ಒಣಗಿದ ಸಾರಿನ ಹುಳಿ ವಾಸನೆ. ಸಿಂಕಿನಲ್ಲಿ ತಟ್ಟೆಯ ಮೇಲೆ ತಟ್ಟೆ, ಅದರ ಮೇಲೆ ಲೋಟ, ಲೋಟದೊಳಗೆ ಚಮಚ, ಚಮಚಕ್ಕೆ ಅಂಟಿಕೊಂಡ ಮೊಸರು. ಮೂರು ದಿನದ್ದು. ಹೊರಮಾವಿನ ನಮ್ಮ ಫ್ಲ್ಯಾಟಿನಲ್ಲಿ ಗಾಳಿ ಆಡಲು ಹೆಚ್ಚು ಜಾಗವಿಲ್ಲ, ಹಾಗಾಗಿ ವಾಸನೆ ಮುಂದಿನ ಹಾಲ್‌ಗೂ ಬಂದಿತ್ತು. ಅದನ್ನು ಮುಟ್ಟಬಾರದು ಎಂದು ತೀರ್ಮಾನಿಸಿದವಳು ನಾನೇ. ಏಕೆಂದು ಹೇಳುತ್ತೇನೆ, ಕೂತುಕೊಳ್ಳಿ. ಕಾಫಿ ಬೇಕಿದ್ದರೆ ನೀವೇ ತಂದುಕೊಳ್ಳಬೇಕು. ನಮ್ಮ ಮನೆಯಲ್ಲಿ ತೊಳೆದ ಲೋಟ ಒಂದೂ ಇಲ್ಲ.

ಈ ವಾಸನೆ ನನಗೆ ಹೊಸದಲ್ಲ. ಚಿಕ್ಕವಳಿದ್ದಾಗ ಎಷ್ಟೋ ದಿನ ಬೆಳಗ್ಗೆ ಇದರ ಪಕ್ಕದಲ್ಲೇ ಎದ್ದಿದ್ದೇನೆ. ಆಗ ನಾವು ಹಲಸೂರಿನ ಒಂದು ವಠಾರದಲ್ಲಿ, ಒಂದೇ ಕೋಣೆಯ ಮನೆಯಲ್ಲಿದ್ದೆವು. ಅಪ್ಪ, ಅಮ್ಮ, ನಾನು, ತಮ್ಮ. ಅಮ್ಮ ಕಾಕ್ಸ್ ಟೌನಿನ ಮೂರು ಮನೆಗಳಲ್ಲಿ ಮುಸುರೆ ತಿಕ್ಕುತ್ತಿದ್ದಳು. ನಮ್ಮ ಮನೆಯಲ್ಲಿ ಅವಳದು ಒಂದೇ ಕಾನೂನು: ಅವರವರು ಉಂಡ ತಟ್ಟೆ ಅವರವರೇ ತೊಳೆಯಬೇಕು. ಅಡುಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಭಾನುವಾರ ಕೂರಿಸಿಕೊಂಡು ನಮ್ಮ ತಲೆಯ ಹೇನೂ ಹೆಕ್ಕುತ್ತಿದ್ದಳು. ಎಂಜಲು ತಟ್ಟೆ ಮಾತ್ರ ತೊಳೆಯುತ್ತಿರಲಿಲ್ಲ. ತೊಳೆಯದೆ ಮಲಗಿದವರ ದಿಂಬಿನ ಪಕ್ಕ ಆ ತಟ್ಟೆಯನ್ನು ಹಾಗೇ ತಂದಿಟ್ಟುಬಿಡುತ್ತಿದ್ದಳು. ಕಣ್ಣು ಬಿಟ್ಟರೆ ಮೂಗಿನ ಬಳಿ ನಿನ್ನೆಯ ಸಾರು. ಬೈಯಲು ಅಮ್ಮ ಇರುತ್ತಿರಲಿಲ್ಲ, ಅಷ್ಟು ಹೊತ್ತಿಗೆ ಕೆಲಸಕ್ಕೆ ಹೊರಟುಹೋಗಿರುತ್ತಿದ್ದಳು.

ಅಪ್ಪನಿಗೂ ವಿನಾಯಿತಿ ಇರಲಿಲ್ಲ. ವಠಾರದ ನಲ್ಲಿಯ ಮುಂದೆ ಲುಂಗಿ ಎತ್ತಿ ಕಟ್ಟಿ, ಕುಕ್ಕರುಗಾಲಲ್ಲಿ ಕೂತು ತಟ್ಟೆ ಉಜ್ಜುವ ಗಂಡಸು ಅಲ್ಲಿ ಅವನೊಬ್ಬನೇ. ಕೊಡ ತುಂಬಿಸಲು ಬಂದ ಎದುರುಮನೆಯ ತಮಿಳಿನ ಸೆಲ್ವಿಯಕ್ಕ, "ಎನ್ನಣ್ಣಾ, ಅಕ್ಕ ಊರಲ್ಲಿಲ್ವಾ?" ಎಂದು ಕೇಳುತ್ತಿದ್ದಳು. ದಿನವೂ ಅದೇ ಪ್ರಶ್ನೆ. ಅಪ್ಪನೂ ದಿನವೂ, "ಇದಾಳಮ್ಮ, ಅದಕ್ಕೇ ತೊಳೀತಿರೋದು" ಎನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು. ನಾನು ನಾಚಿಕೆಯಿಂದ ಒಳಗೆ ಓಡಿಹೋಗುತ್ತಿದ್ದೆ.

ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಾಗ ಅಮ್ಮನಿಗೊಂದು ಅರ್ಜಿ ಹಾಕಿದೆ. "ಓದೋದು ತುಂಬಾ ಇದೆ. ಇದೊಂದು ತಿಂಗಳು ನನ್ ತಟ್ಟೆ ನೀನು ತೊಳಿ."

"ಒಂದು ತಟ್ಟೆ ತೊಳೆಯೋಕೆ ಎಷ್ಟೊತ್ತೇ ಬೇಕು?"

"ಅವರ ಮನೆ ಮಕ್ಕಳದ್ದೆಲ್ಲ ತೊಳೀತೀಯ. ನಾನು ನಿನ್ ಮಗಳು, ನಂದು ತೊಳೆಯೋಕಾಗಲ್ವಾ?"

ಸೊಪ್ಪು ಬಿಡಿಸುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. "ಅದು ನನ್ ಕೆಲಸ ಕಣೇ. ಮನೇಗ್ ಬಂದ್ರೂ ಅದನ್ನೇ ಮಾಡಿದ್ರೆ ಇದು ನನ್ ನಾಲ್ಕನೇ ಮನೆ ಆಗುತ್ತೆ, ಅಷ್ಟೇ."

ನನಗೆ ಅದು ತಲೆಗೆ ಹೋಗಲಿಲ್ಲ. ಆ ತಿಂಗಳೆಲ್ಲ ವಠಾರಕ್ಕೇ ಕೇಳುವಂತೆ ಸದ್ದು ಮಾಡಿಕೊಂಡು ತಟ್ಟೆ ತೊಳೆದೆ. ಪಾಸೂ ಆದೆ.

ಅರ್ಥವಾದದ್ದು ಬಹಳ ತಡವಾಗಿ, ಮತ್ತು ಅದೇ ನನಗೆ ಮುಳುವಾಯಿತು. ಕೆಲಸ ಸಿಕ್ಕಿತು, ಹಾವೇರಿ ಕಡೆಯವರೊಡನೆ ಮದುವೆಯಾಯಿತು, ಇಬ್ಬರು ಮಕ್ಕಳಾದರು. ನಮ್ಮ ಅಪಾರ್ಟ್‌ಮೆಂಟಿನ ಎಲ್ಲ ಮನೆಗಳಲ್ಲೂ ಪಾತ್ರೆಗೆ ಒಬ್ಬರು ಬರುತ್ತಾರೆ. ಅಮ್ಮನಂಥ ಇನ್ನೊಬ್ಬಳನ್ನು ಕರೆದು ನಮ್ಮ ಎಂಜಲು ತಿಕ್ಕಿಸಲು ನನಗೆ ಮನಸ್ಸು ಬರಲಿಲ್ಲ. ಅಡುಗೆ ಪಾತ್ರೆ ನನ್ನದು, ತಟ್ಟೆ ಲೋಟ ಅವರವರದು ಎಂದು ಅಮ್ಮನ ಕಾನೂನನ್ನೇ ಇಲ್ಲೂ ಜಾರಿಗೆ ತಂದೆ. ತಂದವಳಿಗೆ ಅಮ್ಮನ ಗಟ್ಟಿತನ ಇರಬೇಕಿತ್ತಲ್ಲ, ಅದು ಇರಲಿಲ್ಲ. ಫ್ರಿಜ್ಜಿನ ಮೇಲೆ ಟೈಮ್‌ಟೇಬಲ್ ಅಂಟಿಸಿದೆ. ಮನೆಯ ವಾಟ್ಸ್‌ಆಪ್ ಗುಂಪಿನಲ್ಲಿ ಸಿಂಕಿನ ಫೋಟೋ ಹಾಕಿದೆ. ಮೂವರೂ ಹೆಬ್ಬೆರಳು ತೋರಿಸಿದರು. ದಿಂಬಿನ ಪಕ್ಕ ತಟ್ಟೆ ಇಟ್ಟು ನೋಡಿದೆ. ಮಗ ಸೋಫಾಕ್ಕೆ ಹೋಗಿ ಮಲಗಿದ. "ಆಮ್ಯಾಗ ತೊಳೀತೀನಿ ಬಿಡ" ಎನ್ನುತ್ತಾರೆ ನನ್ನ ಗಂಡ. ಆ ಆಮ್ಯಾಗ ಹಾವೇರಿಯಿಂದ ಹೊರಟಿದೆ, ಹದಿನೆಂಟು ವರ್ಷವಾದರೂ ಬೆಂಗಳೂರು ತಲುಪಿಲ್ಲ. ಪಿಯುಸಿ ಓದುವ ಮಗಳು, "ನಂದು ಒಂದೇ ಲೋಟ ಅಮ್ಮ, ಉಳಿದಿದ್ದೆಲ್ಲ ಇವನ್ದು" ಎನ್ನುತ್ತಾಳೆ. ನಾನು ಕೂಗಾಡುತ್ತೇನೆ. ಗಂಟಲು ಸೋಲುತ್ತದೆ. ಕೊನೆಗೆ ನೋಡಲಾರದೆ ನಾನೇ ತೊಳೆಯುತ್ತೇನೆ. ನನ್ನ ಆದರ್ಶದಿಂದ ಪಾತ್ರೆಗೆ ಬರಬೇಕಿದ್ದ ಒಬ್ಬಳಿಗೆ ಕೆಲಸ ತಪ್ಪಿತೇ ಹೊರತು ತಿಕ್ಕುವುದು ತಪ್ಪಲಿಲ್ಲ; ಅದು ನನ್ನ ಪಾಲಿಗೆ ಬಂತು. ಮಂಚದ ಮೇಲಿನ ಒದ್ದೆ ಟವೆಲ್ಲು, ಬಾಗಿಲ ಮುಂದಿನ ಸಾಕ್ಸು ಇವುಗಳ ವಿಷಯ ಎತ್ತುವುದೇ ಬೇಡ, ನಿಮ್ಮ ಮನೆಯಲ್ಲೂ ಇರುತ್ತವೆ.

ಅಪ್ಪ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿದ್ದ ಅಮ್ಮ ಎರಡು ತಿಂಗಳ ಹಿಂದೆ ನಮ್ಮಲ್ಲಿಗೆ ಬಂದಳು. ಸ್ವಲ್ಪ ದಿನದಲ್ಲೇ ಒಂದು ಪವಾಡ ನಡೆಯಿತು. ಕೃಷ್ಣರಾಜಪುರದ ಆಫೀಸಿನಿಂದ ಬಸ್ಸಿನಲ್ಲಿ ನಿಂತು ಮನೆ ಸೇರಿದರೆ ಸಿಂಕು ಖಾಲಿ. ಮರುದಿನವೂ ಖಾಲಿ. ಅಜ್ಜಿಯ ಮುಂದೆ ಮಕ್ಕಳಿಗೆ ನಾಚಿಕೆಯಾಗಿರಬೇಕು ಎಂದುಕೊಂಡೆ. ವಾರಗಟ್ಟಲೆ ಹೀಗೇ ನಡೆಯಿತು. ಆಫೀಸಿನಲ್ಲಿ ಹೇಳಿಕೊಂಡು ತಿರುಗಿದೆ. "ರೀ, ನಮ್ಮನೇಗೂ ಬಂದು ಒಂದು ಕ್ಲಾಸ್ ತಗೊಳ್ಳಿ" ಎಂದಳು ಪಕ್ಕದ ಟೇಬಲ್ಲಿನ ಶೈಲಜಾ. ಊಟದ ಹೊತ್ತಿನಲ್ಲಿ ಅಲ್ಲೇ ತೆಗೆದುಕೊಂಡೆ. ಸಹನೆ ಬೇಕು, ಮನೆಯವರ ಮೇಲೆ ನಂಬಿಕೆ ಇಡಬೇಕು ಅಂತೆಲ್ಲ ಏನೇನೋ ಹೇಳಿದೆ.

ಮೊನ್ನೆ ಗುರುವಾರ ಜ್ವರ ಬಂದಂತಾಗಿ ಮಧ್ಯಾಹ್ನವೇ ಮನೆಗೆ ಬಂದೆ. ಬಾಗಿಲು ತೆಗೆದರೆ ನಲ್ಲಿಯ ಸದ್ದು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಿಂಕಿನ ಮುಂದೆ ನಿಂತಿದ್ದಳು. ಒಂದು ಮೊಣಕೈ ಕಟ್ಟೆಯ ಮೇಲೆ ಊರಿ, ಇನ್ನೊಂದು ಕೈಯಲ್ಲಿ ನನ್ನ ಮಗನ ತಟ್ಟೆ ಉಜ್ಜುತ್ತಿದ್ದಳು.

"ಅಮ್ಮ, ಏನಿದು?"

ಸಿಕ್ಕಿಬಿದ್ದವಳಂತೆ ನಲ್ಲಿ ನಿಲ್ಲಿಸಿದಳು. "ಇಷ್ಟೊತ್ತಿಗ್ಯಾಕೆ ಬಂದೆ?"

"ನಮಗೆ ಒಂದು ದಿನಾನೂ ತೊಳೀಲಿಲ್ಲ ನೀನು. ಇವರಿಗೆ..." ನಲವತ್ತೈದು ದಾಟಿದ ಹೆಂಗಸು ತನ್ನ ಮಕ್ಕಳ ಮೇಲೇ ಹೊಟ್ಟೆಕಿಚ್ಚು ಪಡುವುದು ಚೆನ್ನಾಗಿರುವುದಿಲ್ಲ, ಗೊತ್ತು. ಆದರೂ ಪಟ್ಟೆ.

"ಇವರಿಗ್ಯಾರು ತೊಳೀತಾರೆ?" ಎಂದಳು ಅಮ್ಮ. "ದಿನಾ ಬರ್ತೀಯ, ಕೂಗಾಡ್ತೀಯ, ಆಮೇಲೆ ನೀನೇ ತೊಳೀತೀಯ. ಎಷ್ಟು ದಿನ ಅಂತ ನೋಡ್ಲಿ? ನಿನ್ ಕೆಲಸ ನಾನ್ ಮಾಡ್ದೆ. ಅವರ್ದಲ್ಲ."

ಸಂಜೆ ಎಲ್ಲರನ್ನೂ ಕೂರಿಸಿ ಕೇಳಿದೆ. ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. "ಅಜ್ಜಿನೇ ಇಡು ಅಂದ್ರು. ಅಮ್ಮಂಗೆ ಹೇಳ್ಬೇಡ ಅಂದ್ರು" ಎಂದ ಮಗ. "ಅವ್ರಿಗೂ ಹೊತ್ತು ಹೋಗಬೇಕಲ್ಲ ಅಂತ ಸುಮ್ಮನಿದ್ದೆ" ಎಂದರು ಇವರು.

ಕೂಗಾಡಲು ನನ್ನಲ್ಲಿ ಶಕ್ತಿ ಇರಲಿಲ್ಲ. "ಅಜ್ಜಿ ಮೂರು ಮನೆ ಮುಸುರೆ ತಿಕ್ಕಿ ನನ್ನನ್ನ ಓದಿಸಿದ್ದು. ಇದು ನಾಲ್ಕನೇ ಮನೆ ಆಯ್ತು" ಎಂದೆ. ಮಗಳು ಫೋನ್ ಕೆಳಗಿಟ್ಟು, "ಅಜ್ಜಿನಾ?" ಎಂದಳು. ಆಗ ನನಗೆ ಹೊಳೆಯಿತು, ನಾನು ಮಕ್ಕಳಿಗೆ ಅದನ್ನು ಹೇಳಿಯೇ ಇರಲಿಲ್ಲ. ಅಜ್ಜಿ ಕಾಕ್ಸ್ ಟೌನಿನಲ್ಲಿ ಕೆಲಸ ಮಾಡುತ್ತಿದ್ದರು ಎಂದು ಹೇಳಿದ್ದೆ. ಎಂಥ ಕೆಲಸ ಎಂದು ಅವರು ಕೇಳಿರಲಿಲ್ಲ, ಕೇಳದಿದ್ದದ್ದು ನನಗೂ ಅನುಕೂಲವಾಗಿತ್ತು. ನಲ್ಲಿಯ ಮುಂದಿನಿಂದ ಒಳಗೆ ಓಡಿದ ಹುಡುಗಿ ಇನ್ನೂ ಹೊರಗೆ ಬಂದಿರಲಿಲ್ಲ ಅನ್ನಿ. ನನ್ನ ಗಂಡನಿಗೆ ಗೊತ್ತಿತ್ತು, ಮರೆತಿದ್ದರು. ಕಾರಣವನ್ನು ಬಚ್ಚಿಟ್ಟು ಕಾನೂನನ್ನು ಮಾತ್ರ ಕೊಟ್ಟರೆ ಯಾವ ಮಕ್ಕಳು ಕೇಳುತ್ತಾರೆ, ನೀವೇ ಹೇಳಿ. ತುಂಬ ನಾಚಿಕೆಯಾಯಿತು ನನಗೆ.

ಮಗಳ ಕಣ್ಣಲ್ಲಿ ನೀರು ಬಂತು. ತಟ್ಟೆ ಮಾತ್ರ ಅಲ್ಲೇ ಇತ್ತು. ಮನೆ ಎಂದರೆ ಹಾಗೇ. ಅಂದಿನಿಂದ ಅಡುಗೆ ಪಾತ್ರೆ, ನನ್ನದು ಅಮ್ಮನದು ಎರಡು ತಟ್ಟೆ ಬಿಟ್ಟು ಬೇರೆ ಮುಟ್ಟಿಲ್ಲ.

ಇವತ್ತು ತಿಂಡಿಗೆ ದೋಸೆ. ಮಗ ಬಂದು ಕಪಾಟು ತೆಗೆದ, ಮುಚ್ಚಿದ. ಸಿಂಕನ್ನು ನೋಡಿದ, ಅಜ್ಜಿಯನ್ನು ನೋಡಿದ. ಆಮೇಲೆ ಮೂಗು ಮುಚ್ಚಿಕೊಂಡು ರಾಶಿಯ ನಡುವಿನಿಂದ ಒಂದು ತಟ್ಟೆ ಎಳೆದು ತೊಳೆದ. ಒಂದೇ ಒಂದು. ಅದೂ ಅರೆಬರೆ. ಮಗಳು ಅವನ ಹಿಂದೆ ಬಂದು ನಿಂತಳು. "ತಿಂಡಿ ಆತೇನು?" ಎಂದು ಹಾಲ್‌ನಿಂದ ಗಂಡನ ದನಿ ಕೇಳಿಸಿತು.

"ಜಿಡ್ಡು ಹಾಗೇ ಇದೆ, ತಾರೋ ಇಲ್ಲಿ" ಎಂದು ಅಮ್ಮ ಏಳಲು ಹೋದಳು. ಅವಳ ಕೈ ಹಿಡಿದು ಕೂರಿಸಿದೆ. ಬಿಡಿಸಿಕೊಳ್ಳಲು ಎರಡು ಸಲ ನೋಡಿದಳು, ಆಮೇಲೆ ಸುಮ್ಮನಾದಳು. ಹುಡುಗ ಆ ಜಿಡ್ಡು ತಟ್ಟೆಯಲ್ಲೇ ದೋಸೆ ಹಾಕಿಕೊಂಡು ತಿಂದ. ಅವನು ತಿಂದು ಮುಗಿಸುವವರೆಗೂ ಕೈ ಹಿಡಿದೇ ಇದ್ದೆ. ಅದು ಒದ್ದೆಯಾಗಿರಲಿಲ್ಲ. ಒದ್ದೆಯಿಲ್ಲದ ಅಮ್ಮನ ಕೈ ಹಿಡಿದುಕೊಂಡು ಕೂತ ನೆನಪು ನನಗೆ ಬೇರೊಂದಿಲ್ಲ.