ನೀಲಮ್ಮ ಉಣ್ಣದ ಊಟ

ನೀಲಮ್ಮನಿಗೆ ಇಲ್ಲ ಅನ್ನುವುದಕ್ಕೆ ಬರುತ್ತಿರಲಿಲ್ಲ. ಯಾರು ಏನು ಕೇಳಿದರೂ, ಅವರ ಮಾತು ಮುಗಿಯುವ ಮೊದಲೇ ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿ "ಹೂಂನ್ರಿ" ಅಂದುಬಿಡುತ್ತಿದ್ದಳು. ಅವರು ಕೇಳಿದ್ದೇನು ಅಂತ ಯೋಚನೆ ಮಾಡುವುದು ಆಮೇಲೆ. ಒಂದು ಭಾನುವಾರ ಎದುರು ಮನೆಯವರಿಗೆ ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ತೀನಿ ಅಂತ, ಪಕ್ಕದ ಮನೆಯವರಿಗೆ ಮಗು ನೋಡಿಕೊಳ್ತೀನಿ ಅಂತ, ನನಗೆ ತರಕಾರಿ ತರಲು ಜೊತೆಗೆ ಬರ್ತೀನಿ ಅಂತ, ಮೂರೂ ಕಡೆ ಒಂದೇ ಹೊತ್ತಿಗೆ ಹೂಂ ಅಂದಿದ್ದಳು. ಕೊನೆಗೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಸಿಲಿಂಡರಿನವನಿಗೆ ಗೇಟು ತೆಗೆದು, ಅದೇ ಮಗುವಿನ ಸಮೇತ ನನ್ನ ಹಿಂದೆ ಮಾರ್ಕೆಟ್ಟಿಗೆ ಬಂದಳು. ನಾವು ವಾಪಸ್ ಬಂದಾಗ ಮಗುವಿನ ತಾಯಿ ಬೀದಿಯ ಮಧ್ಯೆ ನಿಂತು ಅಳುತ್ತಿದ್ದರು. ಮಗು ಮಾತ್ರ ಕೊತ್ತಂಬರಿ ಕಟ್ಟು ಹಿಡಿದುಕೊಂಡು ಖುಷಿಯಾಗಿತ್ತು.

ನಮ್ಮದು ಕೆಂಪಾಪುರದಲ್ಲಿ ಹಳೆಯ ಮನೆ. ಮೇಲೆ ಒಂದೇ ಕೋಣೆ, ಪಕ್ಕದಲ್ಲಿ ನೀರಿನ ಟ್ಯಾಂಕು. ಬಾಗಲಕೋಟೆ ಕಡೆಯ ಈ ಹುಡುಗಿ ಆ ಕೋಣೆಗೆ ಬಾಡಿಗೆಗೆ ಬಂದಳು. ಹೆಬ್ಬಾಳದ ಆಚೆ ಯಾವುದೋ ಆಫೀಸಿನ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಕುತ್ತಿಗೆಗೆ ಹಾಕಿಕೊಳ್ಳುವ ಕಾರ್ಡಿನಲ್ಲಿ ಬರೀ ನೀಲಾ ಅಂತಿತ್ತು. ಯಾಕೆ ಅಂತ ಕೇಳಿದ್ದಕ್ಕೆ, "ಅಮ್ಮನ್ನ ಮೆಜೆಸ್ಟಿಕ್ಕಿನ್ಯಾಗ ಇಳಿಸಿ ಬಂದೀನ್ರಿ, ಇಲ್ಲಿ ಆಕಿಗೆ ಯಾರೂ ಕೆಲಸ ಕೊಡಂಗಿಲ್ಲ" ಅಂದಳು. ಅವಳ ದನಿ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವ ದನಿ. ಊರಿಗೆ ಫೋನು ಮಾಡಿದರೆ ನಮಗೆ ಕೆಳಗೆ ಅವಳ ತಮ್ಮನ ಪರೀಕ್ಷೆಯ ಅಂಕವೆಲ್ಲ ಗೊತ್ತಾಗುತ್ತಿತ್ತು. ನಮ್ಮ ಯಜಮಾನರನ್ನು ಮೊದಲನೇ ದಿನವೇ ಕಾಕಾ ಅಂದಳು. ಅವರು ಪೇಪರಿನ ಹಿಂದೆ ಮುಖ ಸಿಂಡರಿಸಿದರು. ಒಂದು ತಿಂಗಳಾದ ಮೇಲೆ ಅವಳು ಊರಿಗೆ ಹೋಗಿದ್ದಾಗ, ಆ ಹುಡುಗಿ ಯಾವಾಗ ಬರ್ತಾಳಂತೆ ಅಂತ ಅವರೇ ಕೇಳಿದರು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಗಣಿತ ಅಷ್ಟಾಗಿ ತಲೆಗೆ ಹತ್ತದಿದ್ದರೂ, ಮುಗುಳ್ನಗುತ್ತ ಬೇಡ ಅನ್ನುವುದನ್ನು ಸಿಸ್ಟರುಗಳು ನಮಗೆ ಚೆನ್ನಾಗಿ ಕಲಿಸಿದ್ದರು. ಅದನ್ನು ನೀಲಮ್ಮನಿಗೂ ಕಲಿಸೋಣ ಅಂತ ನೋಡಿದೆ. ಅವಳು ಕಲಿಯಲಿಲ್ಲ. "ಬ್ಯಾಡ ಅಂದ್ರ ಮಂದಿ ಮಾರಿ ಸಣ್ಣದಾಗತೈತಲ್ರೀ ಆಂಟಿ. ಅದನ್ನ ನೋಡಾಕ ನನ್ನ ಕೈಲಿ ಆಗಂಗಿಲ್ಲ" ಅಂದಳು.

ಅವಳ ಆಫೀಸಿನ ಕೆಲವು ಹುಡುಗರು, ನಮ್ಮ ಬೀದಿಯ ಕಾಲೇಜು ಮಕ್ಕಳು ಸೇರಿ ಒಂದು ಗುಂಪು ಮಾಡಿಕೊಂಡಿದ್ದರು. ತಿಂಗಳಿಗೊಂದು ಹಳ್ಳಿಗೆ ಹೋಗಿ ಸರ್ಕಾರಿ ಶಾಲೆಗೆ ಬಣ್ಣ ಹೊಡೆಯುವುದು, ಮಕ್ಕಳಿಗೆ ಕೈ ತೊಳೆಯುವ ಪಾಠ ಹೇಳುವುದು, ಬ್ಯಾಗು ಹಂಚುವುದು. ಮುಂದಾಳು ನೀಲಮ್ಮನೇ, ಯಾಕಂದರೆ ಹಳ್ಳಿಯವರ ಜೊತೆ ಕೂತು ಮಾತಾಡಲು ಬರುತ್ತಿದ್ದದ್ದು ಅವಳೊಬ್ಬಳಿಗೇ. ಉಳಿದ ಮಕ್ಕಳು ಟೀವಿಯವರು ಸಂದರ್ಶನ ಮಾಡುವ ಹಾಗೆ ನಿಂತೇ ಮಾತಾಡುತ್ತಿದ್ದರು. ಒಂದು ಊರಿನಲ್ಲಿ ಒಬ್ಬ ತಾತ, ಹೆಂಗೂ ಬಣ್ಣ ತಂದಿದ್ದೀಯಲ್ಲವ್ವ, ನಮ್ಮ ಮೇಕೆ ಕೊಟ್ಟಿಗೆಗೂ ಒಂದು ಕೈ ಹೊಡಿ ಅಂದನಂತೆ. ಇವಳು ಹೂಂ ಅಂದಳು. ಆ ಸಲ ಶಾಲೆಯ ಗೋಡೆ ಅರ್ಧಕ್ಕೇ ನಿಂತಿತು, ಕೊಟ್ಟಿಗೆ ಮಾತ್ರ ಪೂರ್ತಿ ನೀಲಿ. ಹುಡುಗರು ವರ್ಷವಿಡೀ ಅದನ್ನೇ ಹೇಳಿ ರೇಗಿಸುತ್ತಿದ್ದರು, "ಅಕ್ಕಾ, ಈ ಸಲ ಎಮ್ಮೆಗಳಿಗೂ ಹೊಡ್ದುಬಿಡೋಣ್ವಾ?"

ಒಮ್ಮೆ ಇಂಥ ಪ್ರವಾಸದಿಂದ ಬಂದ ಒಬ್ಬ ಹುಡುಗನಿಗೆ ಹೊಟ್ಟೆ ಕೆಟ್ಟು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವನು ತಿಂದದ್ದು ರಸ್ತೆ ಬದಿಯ ಕಲ್ಲಂಗಡಿ, ಹಳ್ಳಿಯ ಊಟವಲ್ಲ. ಆದರೂ ಬೀದಿಯ ತಾಯಂದಿರೆಲ್ಲ ಸೇರಿ, ಇನ್ನು ಮೇಲೆ ಊಟ ನೀರು ಎರಡೂ ಮನೆಯಿಂದಲೇ ಅಂತ ತೀರ್ಮಾನ ಮಾಡಿದೆವು. ಪುಳಿಯೋಗರೆ ಮಾಡಿ ಬೆಳ್ಳಿ ಹಾಳೆಯಲ್ಲಿ ಪೊಟ್ಟಣ ಕಟ್ಟುವುದು ನನ್ನ ಪಾಲಿಗೆ ಬಂತು.

ಇನ್ನು ನಾನು ಹೇಳಬೇಕಾದ ಊರು ದೊಡ್ಡಬಳ್ಳಾಪುರ ದಾಟಿ ಇನ್ನೂ ಒಳಗೆ. ಹೆಸರು ಬರೆಯುವುದಿಲ್ಲ. ಅಲ್ಲಿನ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಮಾಡುತ್ತಿದ್ದವಳು ಮುನಿರತ್ನಮ್ಮ, ಊರಾಚೆಯ ಕೇರಿಯವಳು. ಅವಳು ಮಾಡಿದ ಅಡುಗೆ ಅನ್ನುವ ಕಾರಣಕ್ಕೆ ಊರೊಳಗಿನ ಕೆಲವು ಮನೆಗಳವರು ಮಕ್ಕಳಿಗೆ ಶಾಲೆಯಲ್ಲಿ ಉಣ್ಣಬೇಡಿ ಅಂತ ಹೇಳಿ ಡಬ್ಬಿ ಕಟ್ಟಿ ಕಳಿಸುತ್ತಿದ್ದರು. ಕಾರ್ಯಕ್ರಮ ಗೊತ್ತು ಮಾಡಲು ನೀಲಮ್ಮ ಹಿಂದಿನ ವಾರ ಒಬ್ಬಳೇ ಹೋಗಿದ್ದಾಗ ಮುನಿರತ್ನಮ್ಮ ಕೇಳಿದ್ದಾಳೆ, ಬರೋರೆಲ್ಲ ಇಲ್ಲೇ ಉಣ್ತೀರಾ ಅಂತ. ನೀಲಮ್ಮ ಕತ್ತು ವಾಲಿಸಿ ಹೂಂನ್ರಿ ಯಕ್ಕಾ ಅಂದಿದ್ದಾಳೆ. ನೀಲಮ್ಮನಿಗೆ ಅದು ಬಾಯಿಗೆ ಬಂದ ಒಂದು ಮರ್ಯಾದೆಯ ಮಾತು. ಮುನಿರತ್ನಮ್ಮ ಮಾತ್ರ ಅದನ್ನು ನಂಬಿಕೊಂಡು, ಆ ವಾರವೆಲ್ಲ ಹಾಲಿನ ಡೈರಿಯ ಹತ್ತಿರ, ನಲ್ಲಿಯ ಹತ್ತಿರ ಹೇಳಿಕೊಂಡು ಬಂದಿದ್ದಾಳೆ: ಬೆಂಗಳೂರಿನ ಓದಿದ ಮಕ್ಕಳೇ ನನ್ನ ಕೈಯಡುಗೆ ಉಣ್ತಾರೆ, ಬಂದು ಕಣ್ಣಾರೆ ನೋಡಿ, ಆಮೇಲೂ ನಿಮ್ಮ ಮಕ್ಕಳನ್ನು ತಡೀತೀರೇನು ಅಂತ. ನಮಗೆ ಇದು ತಿಳಿದದ್ದು ಎಲ್ಲ ಮುಗಿದ ಮೇಲೆ. ಇಲ್ಲಿ ಮೊದಲೇ ಹೇಳಿಬಿಟ್ಟೆ, ಗೊತ್ತಿರಲಿಲ್ಲ ಅನ್ನುವ ನೆಪದ ಹಿಂದೆ ನಾವು ಅಡಗಿಕೊಳ್ಳಬಾರದು ಅಂತ.

ದೊಡ್ಡವರೊಬ್ಬರು ಜೊತೆಗಿರಲಿ ಅಂತ ಆ ಸಲ ನಾನೂ ಹೋಗಿದ್ದೆ. ಮಧ್ಯಾಹ್ನದ ಹೊತ್ತಿಗೆ ಶಾಲೆಯ ಜಗಲಿ ಗುಡಿಸಿ, ನೀರು ಚಿಮುಕಿಸಿ, ನಮ್ಮ ಮೂವತ್ತು ಜನಕ್ಕೂ ಮುತ್ತುಗದ ಎಲೆ ಹಾಕಿದ್ದರು. ಅವರೆಕಾಳು ಸಾರಿನ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಮುನಿರತ್ನಮ್ಮ ಹೊಸ ಸೀರೆ ಉಟ್ಟಿದ್ದಳು, ಅಂಗಡಿಯ ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ. ಕಾಂಪೌಂಡಿನ ಆಚೆ ಐದಾರು ಹೆಂಗಸರು ಕೈಕಟ್ಟಿ ನಿಂತಿದ್ದರು. ಶಾಲೆ ನೋಡಲು ಬಂದಿದ್ದಾರೆ ಅಂದುಕೊಂಡೆ.

ನೀಲಮ್ಮ ನಲ್ಲಿಯ ಹತ್ತಿರ ಕೈಯ ಬಣ್ಣ ಉಜ್ಜುತ್ತಿದ್ದಳು. ಅಷ್ಟರಲ್ಲಿ ನಮ್ಮ ಗುಂಪಿನ ಹಸಿದ ಮಕ್ಕಳು ಹೊಂಗೆ ಮರದ ಕೆಳಗೆ ಕೂತು ಪೊಟ್ಟಣ ಬಿಚ್ಚಿಯೇಬಿಟ್ಟರು. ಬೆಳ್ಳಿ ಹಾಳೆಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಮುನಿರತ್ನಮ್ಮ ಸಾರಿನ ಬಕೆಟ್ಟು ಹಿಡಿದು ಖಾಲಿ ಎಲೆಗಳ ಮುಂದೆ ನಿಂತಿದ್ದಳು.

"ಬನ್ರವ್ವ, ಎಲೆ ಆಕಿದ್ದೀನಿ" ಅಂದಳು.

ನೀಲಮ್ಮ ಮಕ್ಕಳ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಮಾತು ಕೊಟ್ಟಿದ್ದು ಅವಳಿಗೆ ಆಗ ನೆನಪಾಯಿತು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಒಬ್ಬ ಹುಡುಗ, ಅಕ್ಕಾ ಇದು ನಿಂದು ಅಂತ ಅವಳ ಒದ್ದೆ ಕೈಗೆ ಪೊಟ್ಟಣ ಇಟ್ಟ. ಅವಳ ಬಾಯಿಂದ ಅವತ್ತೇ ಮೊದಲು ಆ ಮಾತು ಕೇಳಿದ್ದು.

"ಬ್ಯಾಡ್ರಿ ಯಕ್ಕಾ, ನಾವು ಬುತ್ತಿ ತಂದೀವಿ. ಹುಡುಗ್ರಿಗೆ ಬಡಸ್ರಿ."

ಅವಳ ಪಾಲಿಗೆ ಮೆಲ್ಲಗೆ ಅಂದದ್ದೇ. ಆದರೆ ಅವಳ ದನಿ ಕಾಂಪೌಂಡು ದಾಟಿತು. ಮುನಿರತ್ನಮ್ಮ ನನ್ನ ಹತ್ತಿರವೂ ಬಂದು, ಒಂದು ಚೂರು ಪಾಯಸವಾದರೂ ಅಂದಳು. ನಾನು ಬಹಳ ಚೆನ್ನಾಗಿ ಮುಗುಳ್ನಕ್ಕು, ಬೇಡಮ್ಮ ಥ್ಯಾಂಕ್ ಯೂ ಅಂದೆ.

ಆಗ ಆಚೆ ನಿಂತಿದ್ದ ಒಬ್ಬ ಅಜ್ಜಿ ಗೇಟಿನೊಳಕ್ಕೆ ಬಂದು, ಮಕ್ಕಳ ಸಾಲಿನಲ್ಲಿ ತಟ್ಟೆ ಹಿಡಿದಿದ್ದ ತನ್ನ ಮೊಮ್ಮಗಳ ರಟ್ಟೆ ಹಿಡಿದಳು. "ಎದ್ದೇಳೇ. ಅವ್ರೇ ಮುಟ್ಲಿಲ್ಲ, ನೀನ್ಯಾಕ್ ತಿಂತೀಯ" ಅಂದಳು. ಆ ಹುಡುಗಿ ಎದ್ದದ್ದು ನೋಡಿ ಇನ್ನೂ ಕೆಲವು ಮಕ್ಕಳು ಎದ್ದರು. ಮುನಿರತ್ನಮ್ಮ ಬಗ್ಗಿ, ಜಗಲಿಯ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ ಎತ್ತಿಕೊಂಡಳು. ಯಾವುದರಲ್ಲೂ ಒಂದು ಅಗುಳಿರಲಿಲ್ಲ. ನಮ್ಮ ವ್ಯಾನು ಹೊರಡುವಾಗ ಮೇಷ್ಟ್ರು ಕಿಟಕಿಯ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ನಡೆದದ್ದೇನೆಂದು ತಿಳಿಸಿದರು.

ಆವತ್ತಿನ ಫೋಟೋಗಳನ್ನು ಬೀದಿಯವರೆಲ್ಲ ಮೆಚ್ಚಿದರು. ನಮ್ಮ ಬಡಾವಣೆಯ ಸಂಘದವರು ನೀಲಮ್ಮನಿಗೆ ಶಾಲು ಹೊದಿಸುತ್ತೇವೆ ಅಂದರು. ಅವಳು ಕೋಣೆಯಿಂದ ಕೆಳಗಿಳಿಯಲಿಲ್ಲ. ಸಂಜೆ ನಾನೇ ಮೇಲೆ ಹೋದೆ. ಟ್ಯಾಂಕಿನ ಕಟ್ಟೆಯ ಮೇಲೆ ಕೂತಿದ್ದಳು. ಹೊಟ್ಟೆ ಕೆಡತ್ತೆ ಅಂತ ತಾನೇ ನಾವು ಪೊಟ್ಟಣ ಕಟ್ಟಿದ್ದು, ಬೇರೆ ಉದ್ದೇಶ ಇರಲಿಲ್ಲವಲ್ಲ ಅಂತ ನಾನು ಸಮಾಧಾನ ಹೇಳಹೋದೆ.

"ನಮ್ಮ ಮನ್ಯಾಗ ಹಿತ್ತಲ ಗ್ವಾಡಿ ಮ್ಯಾಲ ಒಂದು ಬ್ಯಾರೆ ಕಪ್ಪು ಇರ್ತಿತ್ರಿ ಆಂಟಿ, ಕೆಲಸಕ್ಕ ಬರಾಕಿಗೆ" ಅಂದಳು. "ಅದನ್ನ ನಾನು ಒಮ್ಮಿನೂ ಮುಟ್ಟಿಲ್ಲ. ಆ ಮುದುಕಿ ಮಾತು ಕೇಳಿದಾಗ ಆಕಿ ನನ್ನ ಗುರ್ತು ಹಿಡದಾಳ ಅನಸ್ತು."

ನಮ್ಮ ಅಡುಗೆಮನೆಯ ಕಿಟಕಿಯಲ್ಲೂ ಅಂಥದೊಂದು ಸ್ಟೀಲಿನ ಲೋಟ ಇತ್ತು.

ಮುಂದಿನ ವಾರವೇ ನೀಲಮ್ಮ ರಜೆ ಹಾಕಿ ಬಸ್ಸು ಹಿಡಿದು ಆ ಊರಿಗೆ ಹೋದಳು. ಮಕ್ಕಳ ಸಾಲಿನಲ್ಲಿ ಕೂತು ಉಂಡಳಂತೆ. ಮುನಿರತ್ನಮ್ಮ ಬಡಿಸಿದಳು, ಕ್ಷಮೆ ಕೇಳಿದ್ದಕ್ಕೆ ಇರ್ಲಿ ಬುಡವ್ವ ಅಂದಳು. ಆದರೆ ಹೊರಡುವಾಗ ಒಂದು ಮಾತು ಹೇಳಿದಳಂತೆ: ನೀನೊಬ್ಬಳು ಬಂದು ಉಂಡರೆ ನಾನು ಊರಿಗೆ ಏನಂತ ಹೇಳಲಿ, ಅವತ್ತು ಬೇಡ ಅಂದವರು ಅಷ್ಟೊಂದು ಜನ ಇದ್ದರಲ್ಲ.

ಅಲ್ಲಿಂದ ಬಂದವಳು ಬೀದಿಯ ಮನೆಮನೆಗೂ ಹೋದಳು. ಈ ಸಲ ಬಣ್ಣವಿಲ್ಲ, ಬ್ಯಾಗಿಲ್ಲ, ಪಾಠವಿಲ್ಲ. ಎಲ್ಲರೂ ಬಂದು ಊಟ ಮಾಡಿ ಬಂದರೆ ಸಾಕು ಅಂತ ಕೇಳಿಕೊಂಡಳು. ಒಳ್ಳೆಯ ಮಕ್ಕಳೇ ಎಲ್ಲರೂ, ಆದರೂ ಅವರಿಗೆ ಅರ್ಥವಾಗಲಿಲ್ಲ. "ಸುಮ್ನೆ ಊಟಕ್ಕಾ ಅಕ್ಕಾ? ಪ್ರೋಗ್ರಾಂ ಏನು?" ಅಂದ ಒಬ್ಬ. ಇನ್ನೊಬ್ಬಳು, ಕಾಲೇಜಿನಲ್ಲಿ ಇದನ್ನು ಸೇವೆ ಅಂತ ಬರೆದುಕೊಡ್ತಾರಾ ಅಂತ ಕೇಳಿದಳು. ಬಡವರ ಮನೆ ಊಟ ಉಂಡು ಬರೋದು ಸರಿಯಾ, ನಾವೇ ಏನಾದರೂ ಕೊಡಬೇಕಲ್ವಾ ಅಂದರು ಒಬ್ಬ ತಾಯಿ. ಕೊಡುವುದಕ್ಕಾದರೆ ಮೂವತ್ತು ಜನ ಹೋಗಿದ್ದೆವು. ತೆಗೆದುಕೊಳ್ಳುವುದಕ್ಕೆ ಯಾರೂ ಬರಲಿಲ್ಲ.

ಕೊನೆಗೆ ನಾನು, ನೀಲಮ್ಮ ಇಬ್ಬರೇ ಹೋದೆವು. ನಾವಿಬ್ಬರೂ ಜೊತೆಯಾಗಿ ಹೋದದ್ದು ಅದೇ ಕೊನೆ. ಅದಾದ ಮೇಲೆ ಅವಳು ಕೇಳಿಕೊಂಡು ಹುಬ್ಬಳ್ಳಿಗೆ ವರ್ಗ ಮಾಡಿಸಿಕೊಂಡಳು. ಮೇಲಿನ ಕೋಣೆ ಈಗ ಖಾಲಿ. ಟ್ಯಾಂಕು ತುಂಬಿ ಹರಿದರೂ ಕೂಗಿ ಹೇಳುವವರಿಲ್ಲ.

ಆ ದಿನ ನಾವು ಹೋಗುವಷ್ಟರಲ್ಲಿ ಆ ಶಾಲೆಯಲ್ಲಿ ಅಡುಗೆಗೆ ಬೇರೆಯವರು ಬಂದಿದ್ದರು. ಮುನಿರತ್ನಮ್ಮ ಹಿಂದುಗಡೆ ಕೂತು ಬೋಸಿ ತಿಕ್ಕುತ್ತಿದ್ದಳು. ಅಡುಗೆಮನೆ ಹೊಸಿಲು ತುಳಿಯಬೇಡ, ಸಂಬಳ ಮೊದಲಿನಷ್ಟೇ ಬರತ್ತೆ ಅಂದಿದ್ದಾರೆ ಅಂತ ತಲೆ ಎತ್ತದೆ ಹೇಳಿದಳು. ನೀಲಮ್ಮ ಅವಳ ಎದುರು ಕುಕ್ಕರುಗಾಲಲ್ಲಿ ಕೂತು, ಹಾಗಾದರೆ ನಿಮ್ಮ ಮನೆಗೇ ಬರ್ತೀವಿ, ಅಲ್ಲೇ ಉಣ್ತೀವಿ ಅಂದಳು.

"ಮನೇಲಿ ಉಂಡ್ರೆ ಯಾರ್ ನೋಡ್ತಾರವ್ವ?"

ಹಾಗಾದರೆ ಇಲ್ಲೇ ತನ್ನಿ, ಗೇಟಿನ ಮುಂದೆ ಕೂತು ಎಲ್ಲರೂ ನೋಡುವ ಹಾಗೆ ಉಣ್ತೀವಿ ಅಂದಳು ನೀಲಮ್ಮ. ಮುನಿರತ್ನಮ್ಮ ತಿಕ್ಕುವುದನ್ನು ನಿಲ್ಲಿಸಿದಳು. ಸಿಟ್ಟಿರಲಿಲ್ಲ, ದಣಿದಿದ್ದಳು.

"ನೀನು ನಾಟ್ಕ ಆಡಕ್ಕೆ ನನ್ನ ಅನ್ನ ಯಾಕವ್ವ? ಓಗ್ಬನ್ನಿ, ಬಸ್ ಓಯ್ತದೆ."

ನಾವು ರಸ್ತೆಗೆ ಬಂದು ನಿಂತೆವು. ಸುಡು ಬಿಸಿಲು. ಎದುರಿನ ಮನೆಯಿಂದ ಬಂದದ್ದು ಅದೇ ಅಜ್ಜಿ, ಅವತ್ತು ಮೊಮ್ಮಗಳನ್ನು ಎಬ್ಬಿಸಿದವಳು. ನಿಜವಾದ ಕಕ್ಕುಲಾತಿಯಿಂದಲೇ ಕರೆದಳು: "ಯಾಕ್ರವ್ವ ಬಿಸ್ಲಲ್ಲಿ ನಿಂತೀರಿ, ಒತ್ತಾಯ್ತು, ನಮ್ಮನೇಲಿ ಒಂದ್ ತುತ್ತು ಉಂಡ್ಕೊಂಡ್ ಓಗಿ." ಕಟ್ಟೆಯ ಮೇಲಿದ್ದ ಗಂಡಸರು ತಿರುಗಿ ನೋಡಿದರು.

ನೀಲಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನಮ್ಮದು ಊಟ ಆತ್ರಿ ಅಜ್ಜಿ. ಮುನಿರತ್ನಮ್ಮನ ಕೈಯಾಗ ಉಂಡ ಬಂದೀವಿ. ಭಾಳ ರುಚಿ ಇತ್ತು."

ಅಜ್ಜಿಯ ಮುಖ ಸಣ್ಣದಾಯಿತು. ನೀಲಮ್ಮ ಅದನ್ನು ನೋಡುತ್ತಲೇ ನಿಂತಳು.

ಬಸ್ಸಿನಲ್ಲಿ ಆ ಊರಿನವರು ಮೂರ್ನಾಲ್ಕು ಜನ ಹತ್ತಿದ್ದರು. ಬೆಳಗಿನಿಂದ ಇಬ್ಬರೂ ಏನೂ ತಿಂದಿರಲಿಲ್ಲ. ನನ್ನ ಚೀಲದಲ್ಲಿ ಬಿಸ್ಕತ್ತಿನ ಪೊಟ್ಟಣವಿತ್ತು, ತೆಗೆದು ಅವಳ ಮುಂದೆ ಹಿಡಿದೆ. ಅವಳು ಅದನ್ನು ಮೆಲ್ಲಗೆ ನನ್ನ ಚೀಲಕ್ಕೇ ವಾಪಸ್ಸು ತುರುಕಿದಳು.

"ಒಳಗ ಇಡ್ರಿ ಆಂಟಿ. ನಾವು ಉಂಡ ಮಂದಿ" ಅಂದಳು.

ಯಲಹಂಕ ಬರುವವರೆಗೂ ಇಬ್ಬರೂ ಉಂಡವರ ಹಾಗೆ ಕೂತಿದ್ದೆವು.