ಹುಲ್ಲಿನ ಹೊಲದಲ್ಲಿ ರಂಗೋಲಿ

ಕೊಳ್ಳೇಗಾಲದ ಮಗ್ಗದ ಮನೆಯಲ್ಲಿ ಹುಟ್ಟಿ ಶಾಗ್ಯದ ರೈತರ ಮನೆ ಸೇರಿದವಳು ನಾನು. ಹಸುವಿನ ಹಿಂದೆ ನಿಲ್ಲಬಾರದೆಂಬುದೂ ಒದೆ ತಿಂದ ಮೇಲೆಯೇ ಗೊತ್ತಾಗಿದ್ದು. ಅಂಥವಳು ದನ ಮೇಯಿಸುವ ತರಬೇತಿಗೆ ಹೋಗಿ ಬಂದು ಮಾವನಿಗೇ ಪಾಠ ಹೇಳಿದೆನಲ್ಲ, ನನ್ನ ಧೈರ್ಯಕ್ಕೆ ಈಗಲೂ ನಗು ಬರುತ್ತದೆ.

ಪಾಠ ಇಷ್ಟೇ: ದನಗಳನ್ನು ಹೊಲದ ತುಂಬ ಬಿಟ್ಟು ನೆಲ ಬೋಳಾಗುವ ತನಕ ಮೇಯಿಸಬಾರದು. ತುಂಡು ತುಂಡಾಗಿ ಮೇಯಿಸಿ, ಮೇದ ತುಂಡಿಗೆ ಬಿಡುವು ಕೊಡಬೇಕು. ಆಗ ಹುಲ್ಲು ಆಳಕ್ಕೆ ಬೇರಿಳಿಸುತ್ತದೆ, ಗಾಳಿಯ ಇಂಗಾಲ ಆ ಬೇರಿನ ದಾರಿ ಹಿಡಿದು ಮಣ್ಣು ಸೇರುತ್ತದೆ, ಮಣ್ಣು ಮೆತ್ತಗಾಗುತ್ತದೆ. ಮಾವ ಎಲ್ಲ ಕೇಳಿ, "ಗಾಳೀಲಿರೋದ ಮಣ್ಣಿಗೆ ಉಣ್ಣುಸ್ತೀಯಾ? ಒಂದೊರ್ಸ ನೋಡ್ತೀನಿ ಕಣವ್ವ. ಆಮೇಕೆ ಉತ್ತು ಜ್ವಾಳ ಆಕ್ತೀನಿ," ಅಂದರು.

ಹಳೇ ಸೀರೆಗಳನ್ನು ಗೂಟಕ್ಕೆ ಕಟ್ಟಿ ಬೇಲಿ ಮಾಡಿದೆ. ದಿನಾ ಬೆಳಿಗ್ಗೆ ಬೇಲಿ ಸರಿಸುವುದೇ ನನ್ನ ಕೆಲಸ. "ಸೊಸೆ ಒಲಕ್ಕೇ ಸೀರೆ ಉಡ್ಸವ್ಳೆ," ಎಂದು ಊರು ನಕ್ಕಿತು. ನಾನೂ ನಕ್ಕೆ. ಒಳಗೆ ಮಾತ್ರ ಅಳುಕು. ಸೋತರೆ ಆ ಮನೆಯಲ್ಲಿ ಇನ್ನು ನನ್ನ ಮಾತು ಯಾರು ಕೇಳುತ್ತಾರೆ?

ವರ್ಷ ತುಂಬಿತು. ಮಣ್ಣು ಪರೀಕ್ಷೆಗೆ ತರಬೇತಿಯ ಮೇಡಂ ಬರುವ ದಿನವೇ ಮಾವ ಮಧ್ಯಾಹ್ನಕ್ಕೆ ಟ್ರ್ಯಾಕ್ಟರಿಗೂ ಹೇಳಿಬಿಟ್ಟಿದ್ದರು. ಮೇಡಮ್ಮನನ್ನು ಕರೆದುಕೊಂಡು ಹೊಲಕ್ಕೆ ಹೋದೆ. ಹೊಲದ ನಡುವೆ ಅತ್ತೆ ಒಂದಿಷ್ಟು ಹುಲ್ಲು ಕೆತ್ತಿ, ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಬಿಟ್ಟು ನಿಂತಿದ್ದರು.

"ಮಣ್ಣು ನೋಡಕೆ ಬತ್ತಾರೆ ಅಂದ್ಯಲ್ಲ. ಉಲ್ಲು ಕವ್ಕಂಡಿದ್ರೆ ಮಣ್ಣು ಎಂಗವ್ವ ಕಂಡದು?"

ಮೇಡಂ ನಗು ತಡೆಯಲಾರದೆ ಅಲ್ಲೇ ಕುಕ್ಕರಿಸಿದರು. "ಇಲ್ಲಿ ತೆಗೆದ್ರೆ ನಿಮ್ಮ ಸಗಣಿಗೇ ಮಾರ್ಕ್ಸ್ ಬರುತ್ತೆ ಅಮ್ಮ. ಆಚೆ ಅಗೆಯೋಣ."

ಮಾವ ಗುದ್ದಲಿ ಹಿಡಿದರು. ಹೋದ ವರ್ಷ ಇದೇ ನೆಲ ಅವರ ಗುದ್ದಲಿಯನ್ನು ಠಣ್ಣನೆ ವಾಪಸು ಕಳಿಸಿತ್ತು. ಆ ಸಿಟ್ಟು ಇನ್ನೂ ರಟ್ಟೆಯಲ್ಲಿತ್ತು. ಹಲ್ಲು ಕಚ್ಚಿ ಬೀಸಿದರು. ಗುದ್ದಲಿ ಕಾವಿನ ಬುಡದವರೆಗೂ ಇಳಿಯಿತು. ಅದರ ಹಿಂದೆಯೇ ಮಾವನೂ ಮುಗ್ಗರಿಸಿ ಹುಲ್ಲಿನ ಮೇಲೆ ಬೋರಲು ಬಿದ್ದರು.

ನಾನು ಎಬ್ಬಿಸಲು ಓಡಿದೆ. ಮಾವ ಏಳಲಿಲ್ಲ. ಬಿದ್ದಲ್ಲೇ ಒಂದು ಹಿಡಿ ಮಣ್ಣೆತ್ತಿ ಹಿಸುಕಿದರು, ಮೂಸಿದರು. ಕರ‍್ರಗಿತ್ತು, ಬೇರು ತುಂಬಿತ್ತು. ಅವರ ಬೆನ್ನು ಕುಲುಕತೊಡಗಿತು. ನಗುತ್ತಿದ್ದಾರೆಂದು ತಿಳಿಯಲು ನನಗೆ ಕೊಂಚ ಹೊತ್ತು ಬೇಕಾಯಿತು.

"ಟ್ಯಾಕ್ಟ್ರವ್ನಿಗೆ ಬರಬ್ಯಾಡ ಅಂತ ಪೋನ್ ಮಾಡವ್ವ," ಅಂದರು.

ಮಾಡಿದೆ. ಖುಷಿಯಲ್ಲಿ ಹೆಸರು ನೋಡದೆ ಒತ್ತಿದ್ದಕ್ಕೆ ಮೊದಲ ಸಲ ಫೋನು ಕೊಳ್ಳೇಗಾಲದ ನನ್ನ ಅವ್ವನಿಗೆ ಹೋಯಿತು. ಅವಳಿಗೇ ಬರಬೇಡ ಅಂದುಬಿಟ್ಟೆ.